ತಲೆಕೆಳಗಾಗಿ ತೂಗುವ ಮನುಷ್ಯ



ಕಳೆದ ತಪಸ್ಸುಕಾಲದಲ್ಲಿ ಒಂದು ದಿನ ಬೆಳಗಿನ ಪೂಜೆ ಮುಗಿಸಿ ಹೊರಗೆ ಬರುವಾಗ ನಮ್ಮ ಧರ್ಮಕೇಂದ್ರದ ಒಬ್ಬ ತಾಯಿ ಬಾಗಿಲ ಬಳಿ ಕಾದು ನಿಂತಿದ್ದರು. ಸೆರಗಿನ ಗಂಟು ಬಿಚ್ಚಿ ಒಂದು ಎಲೆಯನ್ನು ನನ್ನ ಕೈಗಿತ್ತರು. ಇಸ್ಪೀಟಿನ ಎಲೆಗಿಂತ ಸ್ವಲ್ಪ ಉದ್ದ. ಅದರ ಮೇಲೊಬ್ಬ ಯುವಕನ ಚಿತ್ರ. ಮರದ ತೊಲೆಗೆ ಒಂದು ಕಾಲು ಕಟ್ಟಿ ಅವನನ್ನು ತಲೆಕೆಳಗಾಗಿ ತೂಗುಹಾಕಿದ್ದಾರೆ. ಮೇಲೆ ರೋಮನ್ ಅಂಕಿಯಲ್ಲಿ ಹನ್ನೆರಡು. ಕೆಳಗೆ ಇಂಗ್ಲಿಷ್ ಅಕ್ಷರದಲ್ಲಿ 'ಹ್ಯಾಂಗ್ಡ್ ಮ್ಯಾನ್' ಎಂದು ಬರೆದಿತ್ತು.

"ಮಗನ ಜಪದ ಪುಸ್ತಕದಲ್ಲಿ ಸಿಕ್ಕಿತು ಸ್ವಾಮಿ. ಇದರ ಅರ್ಥ ಏನು? ಅವನು ಏನಾದರೂ ಮಾಡಿಕೊಂಡುಬಿಡುತ್ತಾನಾ?"

ಟ್ಯಾರೋ ಎಲೆ ಎಂದು ಗೊತ್ತಾಯಿತು. ನಮ್ಮ ಸಂತೆಗಳಲ್ಲಿ ಗಿಣಿಶಾಸ್ತ್ರದವನ ಗಿಣಿ ಕೊಕ್ಕಿನಲ್ಲಿ ಎಲೆ ಎತ್ತಿಕೊಡುವುದನ್ನು ಕಂಡಿದ್ದೇವಲ್ಲ, ಅದರ ಪಾಶ್ಚಾತ್ಯ ದಾಯಾದಿ ಇದು. ಆದರೆ ಆ ತಾಯಿಯ ಕಣ್ಣಿನಲ್ಲಿದ್ದ ಭಯಕ್ಕೆ ಉಪನ್ಯಾಸ ಉತ್ತರವಾಗಿರಲಿಲ್ಲ. ಮಗ ಊಟ ಮಾಡುತ್ತಾನೆಯೇ, ನಿದ್ದೆ ಮಾಡುತ್ತಾನೆಯೇ ಎಂದು ಕೇಳಿದೆ. ಎರಡೂ ಸರಿಯಿರಲಿಲ್ಲ. ಅವನನ್ನು ಒಂಟಿಯಾಗಿ ಬಿಡಬೇಡಿ ಎಂದು ಹೇಳಿ ಅಂದೇ ಸಂಜೆ ಅವರ ಮನೆಗೆ ಹೋದೆ. ಮುಂದೆ ಬರೆಯುವುದು ಪಾಪನಿವೇದನೆಯಲ್ಲಿ ಕೇಳಿದ್ದಲ್ಲ, ಮನೆಯ ಜಗಲಿಯ ಮೇಲೆ ಕೂತು ಆಡಿದ ಮಾತು. ಮನೆಯವರ ಒಪ್ಪಿಗೆ ಪಡೆದು, ಗುರುತು ಸಿಗದಂತೆ ಬರೆದಿದ್ದೇನೆ.

ಆ ಯುವಕ ತಂಗಿಯ ಮದುವೆಗೆಂದು ತಂದೆ ಇಟ್ಟುಹೋಗಿದ್ದ ಹಣವನ್ನು ಮೊಬೈಲಿನಲ್ಲಿ ಷೇರು ವ್ಯವಹಾರಕ್ಕೆ ಹಾಕಿ ಕಳೆದುಕೊಂಡಿದ್ದ. ಯಾರಿಗೂ ಹೇಳಿರಲಿಲ್ಲ. ಸ್ನೇಹಿತನೊಬ್ಬನ ಮಾತು ಕೇಳಿ ಎಲೆ ನೋಡಿ ಭವಿಷ್ಯ ಹೇಳುವವರ ಬಳಿ ಹೋದಾಗ ಬಂದದ್ದು ಈ ಎಲೆ. 'ಇದು ಕಾಯುವ ಕಾಲ, ಸದ್ಯ ಏನೂ ಮಾಡಬೇಡ, ಎಲೆಯನ್ನು ಜೊತೆಯಲ್ಲೇ ಇಟ್ಟುಕೋ' ಎಂದು ಹೇಳಿ ಕಳುಹಿಸಿದ್ದರು. ನಾಲ್ಕು ತಿಂಗಳು ಕಾದ. ಆಮೇಲೊಂದು ರಾತ್ರಿ ಇಂಟರ್ನೆಟ್ಟಿನಲ್ಲಿ ಹುಡುಕುತ್ತಾ ಈ ಎಲೆಗೆ ಇನ್ನೊಂದು ಹಳೆಯ ಹೆಸರಿದೆ ಎಂದು ಓದಿದ. ದ್ರೋಹಿ! ಅಂದಿನಿಂದ ನಿದ್ದೆ ಹೋಯಿತು. "ಎಲೆಗೆ ನಾನು ಯಾರೆಂದು ಗೊತ್ತಿತ್ತು ಫಾದರ್" ಎಂದ.

ಈ ಮಾತು ನನ್ನನ್ನು ಕಾಡಿತು. ಆದ್ದರಿಂದ ಆ ಎಲೆ ಎಲ್ಲಿಂದ ಬಂತು ಎಂಬುದನ್ನು ಸ್ವಲ್ಪ ನೋಡಿದೆ.

ಟ್ಯಾರೋ ಹುಟ್ಟಿದ್ದು 15ನೆಯ ಶತಮಾನದ ಉತ್ತರ ಇಟಲಿಯಲ್ಲಿ, ಭವಿಷ್ಯ ಹೇಳುವುದಕ್ಕಲ್ಲ, ಆಟಕ್ಕೆ. 78 ಎಲೆಗಳ ಇಸ್ಪೀಟಾಟ. ಅವುಗಳಲ್ಲಿ 22 ವಿಶೇಷ ಚಿತ್ರದೆಲೆಗಳು. ಆ ಶತಮಾನದ ಕೊನೆಯ ಭಾಗದ ಲತೀನ್ ಪ್ರಬೋಧನೆಯೊಂದು ಉಳಿದುಬಂದಿದೆ. ಹೆಸರು ತಿಳಿಯದ ಒಬ್ಬ ಸನ್ಯಾಸಿ ಜೂಜಿನ ವಿರುದ್ಧ ಗುಡುಗುತ್ತಾ ಈ ಚಿತ್ರಗಳನ್ನೆಲ್ಲ ಸಾಲಾಗಿ ಹೆಸರಿಸುತ್ತಾರೆ. ಹನ್ನೆರಡನೆಯದು ನೇಣಿಗೇರಿದವನು. ಅವರ ಸಿಟ್ಟೆಲ್ಲ ಜೂಜಿನ ಮೇಲೆ. ಭವಿಷ್ಯದ ಮಾತೇ ಅಲ್ಲಿಲ್ಲ, ಏಕೆಂದರೆ ಎಲೆಗಳಿಗೆ ಆ ಕೆಲಸ ಇನ್ನೂ ಬಂದಿರಲಿಲ್ಲ. ಅದು ಬಂದದ್ದು ಮುನ್ನೂರು ವರ್ಷಗಳ ನಂತರ, ಫ್ರಾನ್ಸಿನಲ್ಲಿ. 1781ರಲ್ಲಿ ಕೂರ್ ದ ಜೆಬ್ಲೆನ್ ಎಂಬ ವಿದ್ವಾಂಸ, ಇವು ಪ್ರಾಚೀನ ಈಜಿಪ್ಟಿನ ಜ್ಞಾನಗ್ರಂಥದ ಹಾಳೆಗಳು ಎಂದು ಯಾವ ಆಧಾರವೂ ಇಲ್ಲದೆ ಬರೆದ. ಈಜಿಪ್ಟಿನ ಲಿಪಿಯನ್ನು ಓದಲು ಆಗಿನ್ನೂ ಯಾರಿಗೂ ಬರುತ್ತಿರಲಿಲ್ಲ! ಹನ್ನೆರಡನೆಯ ಎಲೆಯ ಬಗ್ಗೆ ಅವನ ಮಾತು ಇನ್ನೂ ತಮಾಷೆ. ಅದು ಒಂಟಿ ಕಾಲಲ್ಲಿ ನಿಂತ 'ವಿವೇಕ' ಎಂಬ ಸದ್ಗುಣದ ಚಿತ್ರ, ಮುದ್ರಿಸಿದವನು ತಪ್ಪಿ ತಲೆಕೆಳಗು ಮಾಡಿದ್ದಾನೆ ಎಂದ.

ನಿಜ ಸಂಗತಿ ಬೇರೆ. ಆ ಕಾಲದ ಇಟಲಿಯ ನಗರಗಳಲ್ಲಿ ದ್ರೋಹಿಗಳನ್ನು ಅವಮಾನಿಸಲು ಅವರ ಚಿತ್ರವನ್ನು ಸಾರ್ವಜನಿಕ ಗೋಡೆಯ ಮೇಲೆ ತಲೆಕೆಳಗಾಗಿ ಬರೆಸುತ್ತಿದ್ದರು. 1412ರ ಸುಮಾರಿಗೆ ಮೂತ್ಸಿಯೊ ಅತ್ತೆಂದೊಲೊ ಸ್ಫೋರ್ಜಾ ಎಂಬ ಸೇನಾನಿ ಪಕ್ಷ ಬದಲಿಸಿದಾಗ ರೋಮಿನಲ್ಲಿ ಅವನ ಚಿತ್ರವನ್ನು ಹೀಗೆಯೇ ಬರೆಸಿದ್ದರು. ಅವನ ಮಗ ಫ್ರಾಂಚೆಸ್ಕೊ 1450ರಲ್ಲಿ ಮಿಲಾನಿನ ದೊರೆಯಾದ. ಇಂದು ಉಳಿದಿರುವ ಅತ್ಯಂತ ಪ್ರಸಿದ್ಧವಾದ ಹಳೆಯ ಟ್ಯಾರೋ ಎಲೆಗಳು ಆ ಮನೆತನಕ್ಕಾಗಿ ಮಾಡಿದವು, ಅದರಲ್ಲೂ ಈ ತೂಗುವ ಮನುಷ್ಯ ಇದ್ದಾನೆ. ತಂದೆಗಾದ ಅವಮಾನದ ಚಿತ್ರ ಮಗನ ಮನೆಯ ಆಟದ ಎಲೆಯಾಗಿತ್ತು. ಆಡುವಾಗ ಅವರಿಗೆ ಏನನ್ನಿಸುತ್ತಿತ್ತೋ!

ಆದ್ದರಿಂದ 'ದ್ರೋಹಿ' ಎಂಬ ಹೆಸರು ಸುಳ್ಳಲ್ಲ. ಆದರೆ ಆ ಯುವಕನ ಕೈಯಲ್ಲಿದ್ದ ಎಲೆ ಮಿಲಾನಿನದಲ್ಲ, 1909ರಲ್ಲಿ ಲಂಡನ್ನಿನಲ್ಲಿ ಪಮೇಲಾ ಕೋಲ್ಮನ್ ಸ್ಮಿತ್ ಎಂಬ ಕಲಾವಿದೆ ಬರೆದ ಚಿತ್ರದ ಪ್ರತಿ. ಅದರಲ್ಲಿ ತೊಲೆಯ ಮರದಿಂದ ಚಿಗುರೆಲೆ ಒಡೆದಿವೆ. ತೂಗುವವನ ಮುಖ ಶಾಂತವಾಗಿದೆ. ತಲೆಯ ಸುತ್ತ ಸಂತರಿಗಿರುವಂತೆ ಪ್ರಭಾವಲಯ! ಈ ಕಲಾವಿದೆ 1911ರಲ್ಲಿ ಕಥೋಲಿಕ ಧರ್ಮಸಭೆಯನ್ನು ಸೇರಿದರು, ಮುಂದೆ ಇಂಗ್ಲೆಂಡಿನ ಕಾರ್ನ್‌ವಾಲ್ ತೀರದಲ್ಲಿ ಗುರುಗಳಿಗಾಗಿ ಒಂದು ವಿಶ್ರಾಂತಿಧಾಮವನ್ನು ನಡೆಸಿ, 1951ರಲ್ಲಿ ಬಡತನದಲ್ಲೇ ತೀರಿಕೊಂಡರು. ಅವರಿಗಾಗಿ ಒಂದು ಜಪ ಹೇಳಿಕೊಂಡೆ.

ಒಂದೇ ಭಂಗಿ. ಒಂದು ಕಾಲದಲ್ಲಿ ದ್ರೋಹಿ, ಇನ್ನೊಂದು ಕಾಲದಲ್ಲಿ ಸಂತ. ಹಾಗಾದರೆ ಎಲೆಗೆ ಏನು ಗೊತ್ತಿತ್ತು?

ನಮ್ಮ ಧರ್ಮಸಭೆಗೂ ತಲೆಕೆಳಗಾದ ಒಬ್ಬ ಮನುಷ್ಯ ಚೆನ್ನಾಗಿ ಗೊತ್ತು. ಸಂತ ಪೇತ್ರರನ್ನು ರೋಮಿನಲ್ಲಿ, ಅವರ ಕೋರಿಕೆಯಂತೆಯೇ, ತಲೆಕೆಳಗಾಗಿ ಶಿಲುಬೆಗೇರಿಸಿದರು ಎಂದು ಒರಿಜೆನ್ ಬರೆದಿದ್ದನ್ನು ಇತಿಹಾಸಕಾರ ಯೂಸೇಬಿಯಸ್ ದಾಖಲಿಸಿದ್ದಾರೆ. (ತಲೆಕೆಳಗಾದ ಶಿಲುಬೆ ಕಂಡೊಡನೆ ಸೈತಾನನ ಗುರುತು ಎಂದು ಬೆಚ್ಚುವ ನಮ್ಮ ಯುವಜನರು ಇದನ್ನು ನೆನಪಿಡಬೇಕು. ಅದು ಮೊದಲು ಪೇತ್ರರದು.) ನೇಣಿಗೇರಿದ ಇನ್ನೊಬ್ಬನೂ ನಮಗೆ ಗೊತ್ತು, ಇಸ್ಕರಿಯೋತಿನ ಯೂದ. ಇಬ್ಬರೂ ಹನ್ನೆರಡು ಮಂದಿಯಲ್ಲಿ ಸೇರಿದವರು. ಒಂದೇ ರಾತ್ರಿ ಇಬ್ಬರೂ ಯೇಸುಸ್ವಾಮಿಗೆ ಎರಡು ಬಗೆದರು.

ಯೂದನಿಗೆ ಪಶ್ಚಾತ್ತಾಪವೇ ಆಗಲಿಲ್ಲ ಎಂದು ನಾವು ಭಾವಿಸುತ್ತೇವೆ. ಸಂತ ಮತ್ತಾಯರನ್ನು ನಿಧಾನವಾಗಿ ಓದಿ (27:3-5). ಅವನು ದುಃಖಪಟ್ಟ. ಮೂವತ್ತು ಬೆಳ್ಳಿ ನಾಣ್ಯಗಳನ್ನು ಹಿಂದಿರುಗಿಸಿದ. ತಾನು ಪಾಪ ಮಾಡಿದೆನೆಂದು ಬಾಯಿಬಿಟ್ಟು ಹೇಳಿದ. ಮನೋವ್ಯಥೆ, ನಿವೇದನೆ, ಪರಿಹಾರ. ನಾವು ಮಕ್ಕಳಿಗೆ ಧರ್ಮೋಪದೇಶದಲ್ಲಿ ಕಲಿಸುವ ಮೂರೂ ಅಲ್ಲಿವೆ! ಆದರೆ ಅವನು ಹೋದದ್ದು ಯಾರ ಬಳಿಗೆ? ಮುಖ್ಯಯಾಜಕರ ಬಳಿಗೆ. ಅವನನ್ನು ಬಳಸಿಕೊಂಡವರ ಬಳಿಗೆ. ಅದು ನಿನ್ನ ಪಾಡು ಎಂದು ಅವರು ಮುಖ ತಿರುಗಿಸಿದರು. ಕೊಡಲು ಅವರ ಬಳಿ ಕ್ಷಮೆ ಇರಲಿಲ್ಲ. ಅಲ್ಲಿಂದ ಅವನು ಒಂಟಿಯಾಗಿ ಹೊರಟ.

ಪೇತ್ರನೂ ಹೊರಗೆ ಹೋಗಿ ಅತ್ತ. ಆಮೇಲೆ ಎಲ್ಲಿಗೆ ಹೋದನೆಂದು ಶುಭಸಂದೇಶ ಹೇಳುವುದಿಲ್ಲ. ಆದರೆ ಭಾನುವಾರ ಮುಂಜಾನೆ ಬರಿದಾದ ಸಮಾಧಿಯನ್ನು ಕಂಡು ಮಗ್ದಲದ ಮರಿಯಳು ಓಡಿಬಂದಾಗ, ಪೇತ್ರ ಎಲ್ಲಿ ಸಿಗುತ್ತಾನೆ ಎಂದು ಅವಳಿಗೆ ಗೊತ್ತಿತ್ತು (ಯೊವಾನ್ನ 20:2). ಅವನು ಸಂಗಡಿಗರನ್ನು ಬಿಟ್ಟುಹೋಗಿರಲಿಲ್ಲ. ಅವನ ಮುಖ ನೋಡಲು ಅವರಿಗೆ ಎಷ್ಟು ಕಷ್ಟವಾಗಿತ್ತೋ, ಅವರ ಮುಖ ನೋಡಲು ಅವನಿಗೆ ಎಷ್ಟು ನಾಚಿಕೆಯಾಗಿತ್ತೋ. ಆದರೂ ಅಲ್ಲಿಯೇ ಇದ್ದ. ಮುಂದೆ ತಿಬೇರಿಯ ಸರೋವರದ ದಡದಲ್ಲಿ ಇದ್ದಲಿನ ಬೆಂಕಿ ಉರಿಯುತ್ತಿತ್ತು. ಅವನು ಮೂರು ಸಲ ಗುರುವನ್ನು ಅರಿಯೆನೆಂದದ್ದೂ ಇದ್ದಲಿನ ಬೆಂಕಿ ಕಾಯಿಸುತ್ತಾ ನಿಂತಾಗಲೇ (ಯೊವಾನ್ನ 18:18; 21:9). ಪ್ರಭು ಅವನನ್ನು ಅದೇ ಬೆಂಕಿಯ ಬಳಿಗೆ ಕರೆದು, ಅಷ್ಟೇ ಸಲ ಪ್ರೀತಿಯ ಬಗ್ಗೆ ಕೇಳಿದರು.

ಇಲ್ಲಿ ಒಂದು ಮಾತು. ಪ್ರಾಣ ಕಳೆದುಕೊಂಡವರಿಗೆ ದೇವರ ಬಾಗಿಲು ಮುಚ್ಚಿತು ಎಂದು ಯಾರೂ ತೀರ್ಪು ಕೊಡಬಾರದು. 1992ರ ಧರ್ಮೋಪದೇಶ ಗ್ರಂಥವೇ ಅವರಿಗಾಗಿ ಧರ್ಮಸಭೆ ಪ್ರಾರ್ಥಿಸುತ್ತದೆ ಎಂದು ಹೇಳುತ್ತದೆ. ಅಂಥ ದುಃಖ ಕಂಡ ಮನೆಗಳು ನಮ್ಮ ನಡುವೆಯೇ ಇವೆ.

ಅದೇ ಗ್ರಂಥ 2116ನೆಯ ಪರಿಚ್ಛೇದದಲ್ಲಿ ಎಲ್ಲ ಬಗೆಯ ಭವಿಷ್ಯ ಕೇಳುವಿಕೆಯನ್ನೂ ತಿರಸ್ಕರಿಸುತ್ತದೆ. ಎಲೆಯೊಳಗೆ ಪಿಶಾಚಿ ಕುಳಿತಿದೆಯೇ ಎಂಬ ವಾದಕ್ಕೆ ನಾನು ಇಳಿಯುವುದಿಲ್ಲ. ನಾನು ಕಣ್ಣಾರೆ ಕಂಡ ಕೇಡು ಅದಕ್ಕಿಂತ ಸರಳ. ಆ ಯುವಕ ತಂಗಿಗೆ ಹೇಳಬೇಕಾದ್ದನ್ನು ಒಂದು ಕಾಗದಕ್ಕೆ ಹೇಳಿದ್ದ. ಅಂತಃಸಾಕ್ಷಿ ಮಾಡಬೇಕಾದ ಕೆಲಸವನ್ನು ಅದಕ್ಕೆ ಒಪ್ಪಿಸಿದ್ದ. ಎಲೆ 'ಕಾಯಿ' ಎಂದಾಗ ಕಾದ, 'ದ್ರೋಹಿ' ಎಂದಾಗ ಕುಸಿದ. ಯೂದ ಹೋದಂತೆಯೇ ಇವನೂ, ಕ್ಷಮಿಸಲು ಬಾರದವರ ಬಳಿಗೆ ಹೋಗಿದ್ದ.

ಜಗಲಿಯ ಮೇಲೆ ಇದನ್ನೆಲ್ಲ ಇಷ್ಟು ಉದ್ದವಾಗಿ ಹೇಳಲಿಲ್ಲ. ಪೇತ್ರನ ಕಥೆ ಹೇಳಿದೆ, ಅಷ್ಟೆ. ಬಹಳ ಹೊತ್ತು ಸುಮ್ಮನಿದ್ದು, "ತಂಗಿ ಕ್ಷಮಿಸದಿದ್ದರೆ?" ಎಂದು ಕೇಳಿದ. ಕ್ಷಮಿಸದೆಯೂ ಇರಬಹುದು ಎಂದೆ. ಸುಳ್ಳು ಧೈರ್ಯ ಹೇಳಲು ನನಗೆ ಮನಸ್ಸಾಗಲಿಲ್ಲ. ವೈದ್ಯರನ್ನು ಕಾಣಲು ಒಪ್ಪಿದ, ಅದಕ್ಕೆ ಅವನ ಸ್ನೇಹಿತನೇ ಜೊತೆಗೆ ಹೋದ. ಆ ಶನಿವಾರ ತಂಗಿಗೆ ಎಲ್ಲವನ್ನೂ ಹೇಳಿದ. ತಿಂಗಳ ಸಂಬಳದಿಂದ ಇಷ್ಟಿಷ್ಟು ಎಂದು ಲೆಕ್ಕ ಬರೆದುಕೊಟ್ಟ. ಅವಳು ಆ ಹಾಳೆಯನ್ನು ತೆಗೆದುಕೊಂಡು ಒಳಗೆ ಹೋದಳಂತೆ.

ಎಲೆ ನನ್ನ ಮೇಜಿನ ಮೇಲೆಯೇ ಉಳಿಯಿತು. ಸುಡಬೇಕೇ ಎಂದು ತಾಯಿ ಕೇಳಿದರು. ಸುಟ್ಟುಬಿಟ್ಟೆ. ತಂಗಿ ಅಣ್ಣನೊಡನೆ ಇನ್ನೂ ಸರಿಯಾಗಿ ಮಾತನಾಡುತ್ತಿಲ್ಲ. ಕಳೆದ ಭಾನುವಾರದ ಪೂಜೆಯಲ್ಲಿ ಮೂವರೂ ಒಂದೇ ಬೆಂಚಿನಲ್ಲಿದ್ದರು, ತಾಯಿ ನಡುವೆ. ಶಾಂತಿ ಕೋರುವ ಹೊತ್ತಿನಲ್ಲಿ ಅವಳು ಅಣ್ಣನ ಕಡೆ ತಿರುಗದೆ ತಾಯಿಗೆ ಮಾತ್ರ ಕೈಮುಗಿದಳು. ಆಮೇಲೆ ಪರಮಪ್ರಸಾದದ ಸಾಲಿನಲ್ಲಿ ಅವನ ಹಿಂದೆಯೇ ಬಂದು ನಿಂತಳು.