ಮಗು ಯಾರ ಮಾತನ್ನು ನಂಬಿ ಅಕ್ಷರ ಕಲಿಯುತ್ತದೆ?

ಬೆರಳಿಟ್ಟರೆ ಮಾತನಾಡುವ ಅಕ್ಷರಮಾಲೆ ಪುಸ್ತಕಗಳು ಈಗ ನಮ್ಮ ಮನೆಗಳಿಗೂ ಬಂದಿವೆ. ಮಗು 'ಆ' ಮುಟ್ಟಿದರೆ ಪುಸ್ತಕ 'ಆ' ಎನ್ನುತ್ತದೆ, ಪಕ್ಕದ ಆನೆ ಘೀಳಿಡುತ್ತದೆ. ಸರಿಯಾದ ಅಕ್ಷರ ಒತ್ತಿದರೆ ಚಪ್ಪಾಳೆ, 'ಶಾಬಾಸ್' ಎಂಬ ಧ್ವನಿ. ಇದೇ ಪಾಠ ಮೊಬೈಲಿನಲ್ಲೂ ಸಿಗುತ್ತದೆ. ಮರಳಿನ ಮೇಲೆ ಬೆರಳು ಸವೆಸಿ, ಬೆತ್ತದ ರುಚಿ ನೋಡಿ ಕಲಿತ ಹಿರಿಯರಿಗೆ ಇದು ಸರಿಬರುವುದಿಲ್ಲ. ಆಟವಾಡುತ್ತಾ ಬಂದ ವಿದ್ಯೆ ನಿಲ್ಲುವುದೇ ಎಂದು ಅವರು ಕೇಳುತ್ತಾರೆ.

ಅವರಿಗೆ ಸಂತ ಜೆರೋಮರೇ ಉತ್ತರ ಕೊಟ್ಟಿದ್ದಾರೆ. ಪವಿತ್ರ ಗ್ರಂಥವನ್ನು ಲತೀನ್ ಭಾಷೆಗೆ ತಂದ ಈ ಮಹಾಪಂಡಿತರು ಸುಮಾರು 403ರಲ್ಲಿ ಬೆತ್ಲೆಹೇಮಿನಿಂದ ರೋಮಿನ ಲೇತಾ ಎಂಬ ತಾಯಿಗೆ ಪತ್ರ ಬರೆದರು. ಅವಳ ಪುಟ್ಟ ಮಗಳು ಪಾವ್ಲಾಳನ್ನು ಬೆಳೆಸುವ ಬಗೆ ಹೇಗೆಂಬುದೇ ಅದರ ವಿಷಯ. ಮರದಲ್ಲೋ ದಂತದಲ್ಲೋ ಅಕ್ಷರಗಳನ್ನು ಮಾಡಿಸಿಕೊಡು, ಮಗು ಅವುಗಳೊಡನೆ ಆಡಲಿ, ಆಟವೇ ಪಾಠವಾಗಲಿ ಎನ್ನುತ್ತಾರೆ. ಕ್ರಮವನ್ನು ಆಗಾಗ ಕಲಸಿಬಿಡು ಎಂದೂ ಹೇಳುತ್ತಾರೆ. ರಾಗವಾಗಿ ಒಪ್ಪಿಸಿದರೆ ಸಾಲದು, ಕಣ್ಣು ಗುರುತಿಸಬೇಕು. (ಅಆಇಈ ಪಟಪಟನೆ ಹೇಳಿ, ನಡುವಿನ 'ಝ' ತೋರಿಸಿದರೆ ಕಣ್ಣು ಬಿಡುವ ಮಕ್ಕಳನ್ನು ನಾವೆಲ್ಲರೂ ನೋಡಿದ್ದೇವೆ.) ಕಲಿತಾಗ ಚಿಕ್ಕ ಉಡುಗೊರೆ ಕೊಡು, ಜೊತೆಗೆ ಕಲಿಯಲು ಗೆಳತಿಯರಿರಲಿ, ತಡವಾದರೆ ಬೈಯಬೇಡ, ಎಳವೆಯಲ್ಲಿ ಓದಿನ ಮೇಲೆ ಹುಟ್ಟಿದ ಜಿಗುಪ್ಸೆ ದೊಡ್ಡವಳಾದ ಮೇಲೂ ಉಳಿದುಬಿಟ್ಟೀತು ಎಂಬುದು ಅವರ ಚಿಂತೆ. ಮುಂಗೋಪಕ್ಕೆ ಹೆಸರಾದ ಸಂತರ ಮಾತು ಇದು! ಅದೇ ಪತ್ರದಲ್ಲಿ ಕೊಳಲು, ವೀಣೆಯಂಥ ವಾದ್ಯಗಳು ಏತಕ್ಕಿವೆ ಎಂಬುದೇ ಹುಡುಗಿಗೆ ತಿಳಿಯಬಾರದು ಎಂದೂ ಬರೆದಿದ್ದಾರೆ. ಅದನ್ನು ನಮ್ಮ ಗಾಯನವೃಂದದವರು ಒಪ್ಪಲಾರರು, ನಾನೂ ಒಪ್ಪುವುದಿಲ್ಲ.

ಬರವಣಿಗೆಗೆ ಅವರು ಎರಡು ದಾರಿ ಹೇಳುತ್ತಾರೆ. ಮಗುವಿನ ಕೈಮೇಲೆ ಇನ್ನೊಬ್ಬರು ಕೈಯಿಟ್ಟು ತಿದ್ದಿಸಬಹುದು. ಇಲ್ಲವೇ ಹಲಗೆಯಲ್ಲಿ ಅಕ್ಷರ ಕೆತ್ತಿಸಿದರೆ ಮಗು ಆ ಗೆರೆಯೊಳಗೇ ಕೈಯಾಡಿಸುತ್ತಾ ಕಲಿಯಬಹುದು. ಇಂದಿನ ಮಾತನಾಡುವ ಪುಸ್ತಕ ಆ ಕೆತ್ತಿದ ಹಲಗೆಯ ವಂಶದ್ದೇ. ಆದ್ದರಿಂದ ಸಾಧನದ ಮೇಲೆ ನಾವು ತಪ್ಪು ಹೊರಿಸುವಂತಿಲ್ಲ. ಆದರೆ ಪಾವ್ಲಾಳ ಮನೆಯಲ್ಲಿ ಹಲಗೆಯ ಸುತ್ತ ಜನರಿದ್ದರು. ಆಕೆಯ ತಾತ ಅಲ್ಬೀನುಸ್ ಕ್ರೈಸ್ತನಲ್ಲ, ರೋಮಿನ ಹಳೆಯ ದೇವರುಗಳ ಪೂಜಾರಿ. ಅವನ ಮಡಿಲಲ್ಲಿ ಕುಳಿತು ಮೊಮ್ಮಗಳು ತೊದಲುತ್ತಾ 'ಅಲ್ಲೆಲೂಯ' ಹಾಡುವ ಚಿತ್ರವೂ ಅದೇ ಪತ್ರದಲ್ಲಿದೆ.

ಈಗ ನಿಜವಾದ ಪ್ರಶ್ನೆಗೆ ಬರೋಣ. 'ಕ' ಎಂಬ ಆಕಾರಕ್ಕೆ 'ಕ' ಎಂಬ ಉಲಿಯೇ ಏಕೆ? ಅದಕ್ಕೆ ಕಾರಣ ತೋರಿಸಲು ಯಾವ ವಿದ್ವಾಂಸನಿಂದಲೂ ಮಗುವಿಗೆ ಸಾಧ್ಯವಿಲ್ಲ. ಅಮ್ಮ ಹೇಳಿದಳು, ಆದ್ದರಿಂದ ಅದು 'ಕ'. ಶಿಲುಬೆಯ ಗುರುತು ಹಾಕಲು ಕಲಿಯುವುದೂ ಹೀಗೆಯೇ. ಅರ್ಥ ಆಮೇಲೆ ಬರುತ್ತದೆ, ನಂಬಿಕೆ ಮೊದಲು. ಅಕ್ಷರಾಭ್ಯಾಸ ಎಂದರೆ ಮನುಷ್ಯನೊಬ್ಬನ ಮಾತನ್ನು ನಂಬುವ ಅಭ್ಯಾಸವೂ ಹೌದು. ಸರಿಯಾಗಿ ಹೇಳಿದ ಮಗು ತಕ್ಷಣ ತಲೆಯೆತ್ತಿ ಯಾರದೋ ಮುಖ ನೋಡುತ್ತದೆ, ಗಮನಿಸಿದ್ದೀರಾ? ಪುಸ್ತಕದ 'ಶಾಬಾಸ್' ಬೆಕ್ಕು ಕಾಲಿಟ್ಟರೂ ಬರುತ್ತದೆ. ಅದಕ್ಕೆ ಈ ಮಗು ಯಾರೆಂದು ತಿಳಿಯದು, ನಿನ್ನೆ ಬಾರದ ಅಕ್ಷರ ಇಂದು ಬಂತೆಂಬ ಸಂತೋಷವೂ ಇಲ್ಲ. ಅಕ್ಷರವೇನೋ ಬರುತ್ತದೆ, ಆದರೆ ತಲೆಯೆತ್ತಿದಾಗ ಎದುರಿಗೆ ಯಾರೂ ಇಲ್ಲದಿದ್ದರೆ ಮಗುವಿಗೆ ಸಲ್ಲಬೇಕಾದುದೊಂದು ಸಲ್ಲದೆ ಹೋಗುತ್ತದೆ.

ಮಕ್ಕಳಿಗೆ ತಂದೆತಾಯಿಗಳೇ ಮೊದಲ ಶಿಕ್ಷಕರೆಂದು ದ್ವಿತೀಯ ವ್ಯಾಟಿಕನ್ ಮಹಾಸಭೆ 1965ರಲ್ಲಿ ಸಾರಿತು. ಈ ಹೊಣೆಯನ್ನು ಪೂರ್ತಿಯಾಗಿ ಇತರರಿಗೆ ಬಿಟ್ಟುಕೊಡಲಾಗದು ಎಂದು ಸಂತ ದ್ವಿತೀಯ ಜಾನ್ ಪೌಲರು 1981ರ ತಮ್ಮ ಕುಟುಂಬ ಕುರಿತ ಪ್ರೇರಣಾ ಪತ್ರದಲ್ಲಿ ಬರೆದರು. 'ಪೂರ್ತಿಯಾಗಿ' ಎಂಬ ಮಾತು ಮುಖ್ಯ. ಗಾರ್ಮೆಂಟ್ಸ್ ಕೆಲಸ ಮುಗಿಸಿ ಕತ್ತಲಾದ ಮೇಲೆ ಮನೆ ಸೇರುವ ತಾಯಿ ಅನ್ನ ಬೇಯುವಷ್ಟು ಹೊತ್ತು ಮಗುವಿನ ಕೈಗೆ ಪುಸ್ತಕ ಕೊಟ್ಟರೆ ಅದು ಪಾಪವೆನ್ನುವ ಎದೆಗಾರಿಕೆ ನನಗಿಲ್ಲ. ನಮ್ಮ ಧರ್ಮಕೇಂದ್ರಗಳಲ್ಲಿ ಮನೆಯಲ್ಲಿ ಕೊಂಕಣಿ, ತಮಿಳು ಆಡುವ, ಕನ್ನಡ ಓದಲು ಬಾರದ ತಾಯಂದಿರೂ ಇದ್ದಾರೆ. ಅಂಥವರು ಮಗುವನ್ನು ಮಡಿಲಲ್ಲಿ ಕೂರಿಸಿಕೊಂಡು, ಪುಸ್ತಕ ಹೇಳಿದ್ದನ್ನು ಮಗುವಿನ ಜೊತೆ ತಾವೂ ಹೇಳಿಕೊಂಡರೆ ಅವರ ಹೊಣೆ ಎಲ್ಲಿಯೂ ಹೋಗಿಲ್ಲ. 49 ಅಕ್ಷರಗಳನ್ನೂ ಬಲ್ಲ ತಂದೆ ವಾರ್ತೆ ನೋಡಲು ತೊಂದರೆಯಾಗದಿರಲೆಂದು ಮಗುವಿಗೆ ಮೊಬೈಲ್ ಕೊಟ್ಟು ಪಕ್ಕದ ಕೋಣೆಗೆ ಕಳುಹಿಸುವುದು ಬೇರೆ ಮಾತು. ಎರಡರಿಂದ ನಾಲ್ಕು ವರ್ಷದ ಮಕ್ಕಳು ದಿನಕ್ಕೆ ಒಂದು ಗಂಟೆಗಿಂತ ಹೆಚ್ಚು ಪರದೆಯ ಮುಂದೆ ಕೂರಬಾರದೆಂದು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೇಳಿರುವುದನ್ನು ಆತ ವಾರ್ತೆಯಲ್ಲೇ ಕೇಳಿರಬಹುದು.

ಜೆರೋಮರು ಪದಗಳನ್ನು ಕಲಿಸಲು ಪ್ರವಾದಿಗಳ, ಪ್ರೇಷಿತರ ಹೆಸರುಗಳನ್ನು ಆರಿಸಿಕೊಳ್ಳಲು ಹೇಳಿದರು. ಸಂಜೆಯ ಜಪಸರ ಮುಗಿದ ಮೇಲೆ ನಾವೂ ಹತ್ತು ನಿಮಿಷ ಹಾಗೆ ಮಾಡಬಹುದು. 'ಯೇಸು' ಎಂದು ಬರೆಯಲು ಎರಡೇ ಅಕ್ಷರ. 'ಮರಿಯ' ಎಂದರೆ ಮೂರು, ಆದರೆ 'ಮ', 'ಯ' ಎರಡೂ ಒಂದರಂತೆ ಇನ್ನೊಂದು ಕಾಣುವುದರಿಂದ ಮಗು ಮೊದಲ ಸಲ 'ಯರಿಮ' ಎಂದೇ ಬರೆದೀತು. ಆಗ ಅಜ್ಜಿ ಬಾಯಿತುಂಬ ನಕ್ಕು, ಮಗುವೂ ನಕ್ಕು, ಇಬ್ಬರೂ ಸ್ಲೇಟು ಒರೆಸಿ ಮತ್ತೆ ಬರೆಯುತ್ತಾರೆ.