ಕುಂಬಾರನ ಕತ್ತೆ

‘ಸೈಂಟಿಫಿಕ್ಕಾಗಿ ಪ್ರೂವ್ ಆಗಿದೆ’ ಎಂಬ ಮಾತು ಈಗ ಬೆಂಗಳೂರಿನ ವಿಜಯನಗರದಿಂದ ಕೆಂಗೇರಿಯವರೆಗೆ ಪ್ರತಿ ಮಂಡಿನೋವಿನ ಕ್ಲಿನಿಕ್ಕಿನ ಬೋರ್ಡಿನ ಮೇಲೂ ಬಂದು ಕೂತಂತಿದೆ. ಕೆಳಗೆ ಗುಣವಾದವರ ಫೋಟೋಗಳು. ರಾಜಾಜಿನಗರದ ಇಎಸ್‌ಐ ಆಸ್ಪತ್ರೆಯ ಸಾಲಿನಲ್ಲಿ ನಿಂತವರನ್ನು ಕೇಳಿದರೆ ಇಷ್ಟು ದೊಡ್ಡ ಮಾತಿಲ್ಲ, ಆದರೆ ವಾದ ಅದೇ: ‘ನಮ್ಮ ಭಾವನಿಗೆ ಕಾಮಾಲೆ ಆಗಿತ್ತು, ಊರಲ್ಲಿ ಸೊಪ್ಪಿನ ರಸ ಕುಡಿಸಿದ್ರು, ವಾಸಿಯಾಯ್ತು. ಇನ್ನೇನು ಸಾಕ್ಷಿ ಬೇಕು?’

ಬೇಕು. ಕಲುಷಿತ ನೀರಿನಿಂದ ಬರುವ ಹೆಪಟೈಟಿಸ್ ಎ ಕಾಮಾಲೆ ಬಹುಪಾಲು ಜನರಲ್ಲಿ ಕೆಲವು ವಾರಗಳಲ್ಲಿ ತಾನಾಗಿಯೇ ಇಳಿಯುತ್ತದೆ. ಆ ವಾರಗಳಲ್ಲಿ ಏನು ಕುಡಿದರೂ ಗೆಲುವು ಅದರದ್ದೇ.

ಇದು ಪಶ್ಚಿಮದಿಂದ ಬಂದ ಸಂಶಯಬುದ್ಧಿ ಎಂದು ಮೂಗು ಮುರಿಯುವವರು ನಮ್ಮ ನೈಯಾಯಿಕರನ್ನು, ಅಂದರೆ ನ್ಯಾಯದರ್ಶನದ ತರ್ಕಶಾಸ್ತ್ರಿಗಳನ್ನು ಓದಿಲ್ಲ. 17ನೇ ಶತಮಾನದ ವಿಶ್ವನಾಥನ ‘ಭಾಷಾಪರಿಚ್ಛೇದ’ದಲ್ಲಿ ಮಡಕೆಯ ಕಾರಣಗಳ ಚರ್ಚೆಯಿದೆ. ಕೋಲು, ಚಕ್ರ, ಕುಂಬಾರ ಇವೆಲ್ಲ ಕಾರಣಗಳು. ಮಣ್ಣು ಹೊತ್ತು ತಂದ ಕತ್ತೆ? ಈ ಮಡಕೆ ಹುಟ್ಟುವ ಮೊದಲು ಅದೂ ಅಲ್ಲೇ ಇತ್ತು, ನಿಜ. ಆದರೂ ಅದು ಕಾರಣವಲ್ಲ, ಅನ್ಯಥಾಸಿದ್ಧ, ಅಂದರೆ ಮಡಕೆಯಾಗಲು ಬೇಕೇಬೇಕೆಂದಿಲ್ಲದ್ದು. ಬೇರೆಯವರ ಮಡಕೆ ಕತ್ತೆಯಿಲ್ಲದೆಯೂ ಆಗುತ್ತದಲ್ಲ! ಹಾಗಾಗಿ ‘ಮೊದಲು ಇತ್ತು’ ಎಂಬುದಷ್ಟೇ ಸಾಲದು, ‘ಅದಿಲ್ಲದಿದ್ದರೆ ಆಗುತ್ತಿರಲಿಲ್ಲ’ ಎಂದೂ ತೋರಿಸಬೇಕು.

ತೊಡಕು ಶುರುವಾಗುವುದು ಇಲ್ಲಿಂದಲೇ. ಮಡಕೆಯಾದರೆ ಇನ್ನೊಂದು ಮಾಡಿ ನೋಡಬಹುದು. ಭಾವನನ್ನು ಹಿಂದಕ್ಕೆ ಕರೆದೊಯ್ದು, ಸೊಪ್ಪಿನ ರಸ ಕೊಡದೆ ಮತ್ತೊಮ್ಮೆ ಕಾಮಾಲೆ ಬರಿಸಲಾದೀತೆ? ಒಬ್ಬ ಮನುಷ್ಯನಲ್ಲಿ ಕಾಣದ್ದನ್ನು ಎರಡು ಗುಂಪುಗಳಲ್ಲಿ ಕಾಣಬೇಕು. ಆ ಗುಂಪುಗಳಿಗೆ ಚಿಕಿತ್ಸೆಯೊಂದನ್ನು ಬಿಟ್ಟು ಉಳಿದೆಲ್ಲ ಒಂದೇ ಬಗೆಯಾಗಿರಬೇಕು. ವೈದ್ಯರೇ ಆರಿಸಿದರೆ ಗಟ್ಟಿಮುಟ್ಟಾದವರು ಒಂದು ಕಡೆ ಸೇರುತ್ತಾರೆ; ರೋಗಿಗಳೇ ಆರಿಸಿದರೆ ದುಡ್ಡು, ಓದು, ಭಯ ಇರುವವರು ಒಂದು ಕಡೆ. ಚೀಟಿ ಎತ್ತಿದರೆ ಮಾತ್ರ ಯಾರ ಇಷ್ಟವೂ ನಡೆಯುವುದಿಲ್ಲ. ಜನ ಸಾಕಷ್ಟು ಇದ್ದರೆ, ನಮಗೆ ಹೆಸರೇ ಗೊತ್ತಿಲ್ಲದ ವ್ಯತ್ಯಾಸಗಳೂ ಎರಡೂ ಕಡೆ ಹೆಚ್ಚುಕಡಿಮೆ ಸಮನಾಗಿ ಹಂಚಿಹೋಗುತ್ತವೆ. ಎಣಿಸಿದ ಮಾತ್ರಕ್ಕೆ ಪುರಾವೆ ಆಗುವುದಿಲ್ಲ. ‘ಸಾವಿರ ಜನರಲ್ಲಿ ಒಂಬೈನೂರು ಮಂದಿಗೆ ಗುಣ’ ಎಂಬ ಬೋರ್ಡಿನಲ್ಲಿ ಎಣಿಕೆ ಇದೆ, ಹೋಲಿಕೆ ಇಲ್ಲ.

ಈ ಚೀಟಿಗೆ ಸಿಕ್ಕಿಬಿದ್ದ ಕತ್ತೆಗಳು ನಾಟಿ ವೈದ್ಯರ ಮನೆಯವು ಮಾತ್ರವಲ್ಲ. ಕ್ಷಯಕ್ಕೆ ಒಳ್ಳೆಯ ಗಾಳಿ, ವಿಶ್ರಾಂತಿ, ಪುಷ್ಟಿಯ ಊಟ ಬೇಕೇ ಬೇಕು ಎಂದು ಇಂಗ್ಲಿಷ್ ವೈದ್ಯರೇ ದಶಕಗಳ ಕಾಲ ನಂಬಿದ್ದರು. ಮೈಸೂರಿನಲ್ಲಿ ರಾಜಕುಮಾರಿ ಕೃಷ್ಣಾಜಮ್ಮಣ್ಣಿಯವರ ಹೆಸರಿನ ಸ್ಯಾನಟೋರಿಯಂ ಎದ್ದು ನಿಂತದ್ದು ಆ ನಂಬಿಕೆಯ ಕಾಲದಲ್ಲಿ. ಆಗ ಔಷಧಿಯೇ ಇರಲಿಲ್ಲವಾದ್ದರಿಂದ ಅದನ್ನು ತಪ್ಪೆನ್ನಲಾರೆ. ಔಷಧಿ ಬಂದ ಮೇಲೂ ನಂಬಿಕೆ ಕದಲಲಿಲ್ಲ. 1956ರಲ್ಲಿ ಮದ್ರಾಸಿನಲ್ಲಿ ಶುರುವಾದ ಪ್ರಯೋಗದಲ್ಲಿ 193 ಬಡ ರೋಗಿಗಳನ್ನು ಚೀಟಿ ಎತ್ತಿದಂತೆ ಎರಡು ಪಾಲು ಮಾಡಿದರು. ಎರಡೂ ಪಾಲಿಗೆ ಅದೇ ಮಾತ್ರೆ, ಒಂದು ವರ್ಷ. ಒಂದು ಗುಂಪು ಸ್ಯಾನಟೋರಿಯಂನ ಹಾಸಿಗೆಯಲ್ಲಿ, ಒಳ್ಳೆಯ ಊಟದ ಜೊತೆ. ಇನ್ನೊಂದು ತಮ್ಮ ಇಕ್ಕಟ್ಟಿನ ಮನೆಯಲ್ಲಿ, ಸಿಕ್ಕಿದ್ದು ಉಂಡು. 1959ರಲ್ಲಿ ಪ್ರಕಟವಾದ ಫಲಿತಾಂಶದಲ್ಲಿ ಎರಡೂ ಹೆಚ್ಚುಕಡಿಮೆ ಒಂದೇ. ಮನೆಮಂದಿಗೆ ಸೋಂಕು ಜಾಸ್ತಿಯಾಗುತ್ತದೆಂಬ ಹೆದರಿಕೆಯೂ ಸುಳ್ಳಾಯಿತು. ವಾಸಿ ಮಾಡಿದ್ದು ಮಾತ್ರೆ. ಅದೇ ವರ್ಷ ಬೆಂಗಳೂರಿನಲ್ಲಿ ಹುಟ್ಟಿದ ರಾಷ್ಟ್ರೀಯ ಕ್ಷಯರೋಗ ಸಂಸ್ಥೆ, ಮನೆಯಲ್ಲೇ ಚಿಕಿತ್ಸೆ ಎಂಬ ತಳಹದಿಯ ಮೇಲೆ ದೇಶದ ಕ್ಷಯ ನಿಯಂತ್ರಣ ಕಾರ್ಯಕ್ರಮವನ್ನು ರೂಪಿಸಿತು.

ಇಂಥ ಪುರಾವೆಯ ಮಾತು ಬಂದಾಗ ಪಾಲ್ ಫೆಯರಾಬೆಂಡ್ ಎಂಬ ತತ್ತ್ವಶಾಸ್ತ್ರಜ್ಞನನ್ನು ನಮ್ಮ ಭಾಷಣಕಾರರು ಪದೇಪದೇ ಎಳೆದು ತರುತ್ತಾರೆ. ವಿಜ್ಞಾನಕ್ಕೆ ಒಂದೇ ವಿಧಾನವೆಂಬುದಿಲ್ಲ, ಏನಾದರೂ ನಡೆದೀತು ಎಂದವನು ಆತ. 1950ರ ದಶಕದಲ್ಲಿ ಚೀನಾದ ಸರ್ಕಾರ ತಜ್ಞರನ್ನು ಬದಿಗೊತ್ತಿ ಪಾರಂಪರಿಕ ವೈದ್ಯವನ್ನು ಮರಳಿ ತಂದದ್ದನ್ನು ಮೆಚ್ಚಿಕೊಂಡವನು. ತಜ್ಞರ ಸೊಕ್ಕು ಮುರಿಯಬೇಕೆಂಬ ಅವನ ಆಸೆ ನನಗೂ ಇದೆ. ಆದರೆ ಮದ್ರಾಸಿನ ತಜ್ಞರ ಸೊಕ್ಕು ಮುರಿದದ್ದು ಯಾವುದು? ಸರ್ಕಾರದ ಆಜ್ಞೆಯಲ್ಲ, ‘ಏನಾದರೂ ನಡೆದೀತು’ ಎಂಬ ಘೋಷಣೆಯೂ ಅಲ್ಲ. ಪ್ರೊಫೆಸರನ ಅನುಭವಕ್ಕೂ ಬಡವನ ಅನುಭವಕ್ಕೂ ಸಮಾನವಾಗಿ ಕಿವುಡಾದ ಒಂದು ಚೀಟಿ. ಫೆಯರಾಬೆಂಡನಿಗೆ ಬೇಕಿದ್ದ ಆಯುಧ ಅವನು ಬೈದ ಅಂಗಡಿಯಲ್ಲೇ ಇತ್ತು.

ಎಲ್ಲೆಡೆ ಚೀಟಿ ಎತ್ತಲಾಗುವುದಿಲ್ಲ ಎಂಬುದೂ ನಿಜ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಗುರುತಿಸಿದ ಮಂಗನ ಕಾಯಿಲೆಗೆ ವರ್ಷಗಟ್ಟಲೆ ಲಸಿಕೆ ಹಾಕಿದರು. 2005ರಿಂದ 2010ರವರೆಗಿನ ದಾಖಲೆಗಳನ್ನು ಲೆಕ್ಕ ಹಾಕಿದ ಅಧ್ಯಯನವೊಂದು ಎರಡು ಡೋಸಿಗೆ ಶೇ. 62.4, ಬೂಸ್ಟರ್ ಸೇರಿದರೆ ಶೇ. 82.9 ರಕ್ಷಣೆ ಎಂದಿತು. ಇದು ಬೋರ್ಡಿನ ಮಾತಲ್ಲ, ಇಲ್ಲಿ ಹೋಲಿಕೆ ಇದೆ. ಆದರೆ ಗುಂಪು ಮಾಡಿದ್ದು ಚೀಟಿಯಲ್ಲ, ಜನರ ಮನಸ್ಸು. ಲಸಿಕೆ ಹಾಕಿಸಿಕೊಂಡವರು ಯಾರು? ಕಾಡಿಗೆ ಹೆಚ್ಚು ಹೋಗುವವರೋ, ಮೊದಲೇ ಎಚ್ಚರಿಕೆಯಿಂದ ಕಾಯಿಲೆ ಹರಡುವ ಉಣ್ಣೆ ಕಚ್ಚದಂತೆ ಮೈಗೆ ಎಣ್ಣೆ ಹಚ್ಚಿಕೊಳ್ಳುವವರೋ? ಮೊದಲನೆಯವರಾದರೆ ಲಸಿಕೆ ಆ ಅಂಕಿಗಿಂತ ಒಳ್ಳೆಯದು, ಎರಡನೆಯವರಾದರೆ ಅದಕ್ಕಿಂತ ಕಳಪೆ. 2022ರಲ್ಲಿ ಆ ಲಸಿಕೆಯ ಬಳಕೆಯೇ ನಿಂತಿತು.

ಅದರ ಜಾಗಕ್ಕೆ ಬರುವ ಹೊಸ ಲಸಿಕೆಗೆ ಚೀಟಿ ಎತ್ತುವುದು ಕ್ರೂರವೆನ್ನುವವರಿದ್ದಾರೆ. ಕೆಲಸ ಮಾಡುತ್ತದೆಂದು ಗೊತ್ತಿದ್ದೂ ಅರ್ಧ ಜನಕ್ಕೆ ಕೊಡದಿದ್ದರೆ ಕ್ರೂರವೇ ಸರಿ. ಗೊತ್ತಿಲ್ಲದಿರುವಾಗ, ಇಡೀ ತಾಲ್ಲೂಕಿಗೆ ಚುಚ್ಚಿ ಆಮೇಲೆ ಕಾಯಿಲೆ ಬಾರದವರ ಫೋಟೋ ಅಂಟಿಸುವುದು ಅದಕ್ಕಿಂತ ಕ್ರೂರ. ಚೀಟಿಯಲ್ಲಿ ಲಸಿಕೆ ಬಾರದವರಿಗೆ, ಅದು ಫಲ ಕೊಟ್ಟರೆ ಮೊದಲ ಸರದಿ ಸಿಗಬೇಕು. ತೀರ್ಥಹಳ್ಳಿಯ ಅಡಿಕೆ ತೋಟದ ಆಳುಗಳಿಗೆ ಇದನ್ನು ಹೆಬ್ಬೆಟ್ಟು ಒತ್ತಿಸುವ ಮುಂಚೆ, ಅವರಾಡುವ ಕನ್ನಡದಲ್ಲಿ ಹೇಳಬೇಕು.