ಮಾತು ಬಾರದ ಕೂಸಿಗೆ ಮಾತಿನ ದಾಸೋಹ

ಹಸಿದು ಬಂದವನಿಗೆ ಅನ್ನ, ಕಲಿಯಬಂದವನಿಗೆ ಅಕ್ಷರ, ನೆಲೆಯಿಲ್ಲದವನಿಗೆ ಆಶ್ರಯ - ಈ ಮೂರನ್ನೂ ನೀಡುವುದೇ ದಾಸೋಹವೆಂದು ನಮ್ಮ ಮಠಗಳು ತಲೆಮಾರುಗಳಿಂದ ನಂಬಿ ನಡೆದುಕೊಂಡು ಬಂದಿವೆ. ಮಠದ ಪ್ರಸಾದವನ್ನುಂಡು, ಮಠದ ನೆರಳಿನಲ್ಲಿ ಓದಿ ಮುಂದೆ ಬಂದ ಹಿರಿಯ ವಿದ್ಯಾರ್ಥಿಗಳಿಗೆ ಇದರ ಬೆಲೆಯನ್ನು ವಿವರಿಸಬೇಕಾದುದಿಲ್ಲ. ಆದರೆ ಅನ್ನವನ್ನಾಗಲಿ ಅಕ್ಷರವನ್ನಾಗಲಿ ಬೇಕೆಂದವನು ಬಾಯಿಬಿಟ್ಟು ಕೇಳಬಲ್ಲನು. ಕೇಳಲು ಬಾರದ ಹಸಿವೊಂದಿದೆ. ಅದು ಎಳೆಗೂಸಿನ ನುಡಿಯ ಹಸಿವು. ಹಾಲು ಬೇಕೆಂದು ಕೂಸು ಅಳುತ್ತದೆ. ಮಾತು ಬೇಕೆಂದು ಅತ್ತ ಕೂಸನ್ನು ಯಾರೂ ಕಂಡಿಲ್ಲ. ಕೇಳದವನಿಗೂ ಕೊಡಬೇಕಾದ ಋಣವೊಂದು ನಮ್ಮ ಮೇಲಿದೆಯೆ ಎಂಬುದೇ ಇಲ್ಲಿಯ ಪ್ರಶ್ನೆ.

ಹಿಂದೆ ಈ ಪ್ರಶ್ನೆ ಏಳುತ್ತಿದ್ದುದು ವಿರಳ. ತುಂಬಿದ ಮನೆಯಲ್ಲಿ ಅಜ್ಜಿಯೋ ಅತ್ತೆಯೋ ಅಕ್ಕನೋ ಕೂಸನ್ನು ತೊಡೆಯ ಮೇಲಿರಿಸಿಕೊಂಡು ಮಾತನಾಡಿಸುತ್ತಲೇ ಇರುತ್ತಿದ್ದರು. ಇಂದು ಸಂಸಾರಗಳು ಕಿರಿದಾಗಿವೆ. ತಾಯಿ ಕಾರ್ಖಾನೆಗೆ, ಕಚೇರಿಗೆ, ಕಟ್ಟಡದ ಕೆಲಸಕ್ಕೆ ಹೋಗಲೇಬೇಕಾಗಿದೆ. ಇದನ್ನರಿತೇ 1969ರಲ್ಲಿ ಮೀರಾ ಮಹಾದೇವನ್ ಅವರು ದೆಹಲಿಯಲ್ಲಿ ಕಟ್ಟಡ ಕಾರ್ಮಿಕರ ಮಕ್ಕಳಿಗಾಗಿ ಶಿಶುಪಾಲನಾ ಕೇಂದ್ರವನ್ನು ತೆರೆದರು. 1975ರ ಅಕ್ಟೋಬರ್ 2ರಂದು ಆರಂಭವಾದ ಸಮಗ್ರ ಶಿಶು ಅಭಿವೃದ್ಧಿ ಯೋಜನೆಯು ಅಂಗನವಾಡಿಯನ್ನು ಹಳ್ಳಿಹಳ್ಳಿಗೆ ಒಯ್ದಿತು. 2017ರಲ್ಲಿ ಹೆರಿಗೆ ಸೌಲಭ್ಯದ ಕಾನೂನಿಗೆ ಆದ ತಿದ್ದುಪಡಿಯು ಐವತ್ತು ಮಂದಿ ಅಥವಾ ಅದಕ್ಕೂ ಹೆಚ್ಚು ಜನ ದುಡಿಯುವ ಸಂಸ್ಥೆಗಳಲ್ಲಿ ಶಿಶುಪಾಲನೆಯ ವ್ಯವಸ್ಥೆ ಇರಬೇಕೆಂದು ವಿಧಿಸಿತು. ನಮ್ಮ ರಾಜ್ಯವು 2023-24ರಲ್ಲಿ ಸುಮಾರು 4,000 ಗ್ರಾಮ ಪಂಚಾಯತಿಗಳಲ್ಲಿ ‘ಕೂಸಿನ ಮನೆ’ಗಳ ಯೋಜನೆಯನ್ನು ಕೈಗೊಂಡಿತು. ಕೂಸುಗಳಿಗೆ ನೆರಳು, ಹಾಲು, ತೊಟ್ಟಿಲು ದೊರೆಯುವಂತಾದುದು ಸಂತೋಷದ ಸಂಗತಿಯೇ ಸರಿ. ಆದರೆ ಆ ತೊಟ್ಟಿಲುಗಳ ಸುತ್ತ ಮಾತಿದೆಯೆ? ಅಳದೆ ಮಲಗಿರುವ ಕೂಸನ್ನು ‘ಒಳ್ಳೆಯ ಮಗು’ ಎನ್ನುವುದು ನಮ್ಮ ರೂಢಿ. ಸದ್ದಿಲ್ಲದ ಶಿಶುವಿಹಾರವನ್ನು ಶಿಸ್ತಿನ ವಿಹಾರವೆಂದು ಮೆಚ್ಚುವುದೂ ರೂಢಿ. ಈ ಮೆಚ್ಚುಗೆಯಲ್ಲಿಯೇ ದೋಷವಡಗಿದೆ.

ಕೂಸಿನ ಕಿವಿ ಹುಟ್ಟುವ ಮುನ್ನವೇ ತೆರೆದಿರುತ್ತದೆ. ತಾಯಿಯ ದನಿಯನ್ನು ಇತರರ ದನಿಯಿಂದ ಬೇರ್ಪಡಿಸಿ ಗುರುತಿಸಬಲ್ಲ ಶಕ್ತಿ ಹಸುಗೂಸಿಗೂ ಉಂಟು. 1984ರಲ್ಲಿ ಕೆನಡಾ ದೇಶದ ಜಾನೆಟ್ ವರ್ಕರ್ ಮತ್ತು ರಿಚರ್ಡ್ ಟೀಸ್ ಎಂಬ ವಿದ್ವಾಂಸರು ಪ್ರಕಟಿಸಿದ ಪರೀಕ್ಷೆಯೊಂದು ಇಲ್ಲಿ ಸ್ಮರಣೀಯವಾದುದು. ನಮ್ಮ ‘ತ’ ಮತ್ತು ‘ಟ’ಗಳಂತಹ ಹಿಂದಿಯ ಎರಡು ಧ್ವನಿಗಳನ್ನು ಅವರು ಆಂಗ್ಲಭಾಷಿಕರ ಮಕ್ಕಳಿಗೆ ಕೇಳಿಸಿದರು. ಆರರಿಂದ ಎಂಟು ತಿಂಗಳ ಕೂಸುಗಳು ಇವೆರಡರ ಭೇದವನ್ನು ಅರಿತವು. ಹತ್ತು, ಹನ್ನೆರಡು ತಿಂಗಳಾಗುವಷ್ಟರಲ್ಲಿ ಆ ಅರಿವು ಬಹುಮಟ್ಟಿಗೆ ಅಳಿದಿತ್ತು. ಏಕೆಂದರೆ ಅವರ ಮನೆಯ ಮಾತಿನಲ್ಲಿ ಆ ಭೇದವಿರಲಿಲ್ಲ. ಅಂದರೆ ಒಂದು ಮಾತನ್ನೂ ಆಡುವ ಮೊದಲೇ ಕೂಸು ತನ್ನ ಸುತ್ತಲಿನ ನುಡಿಗೆ ಕಿವಿಯನ್ನು ಹದಗೊಳಿಸಿಕೊಳ್ಳುತ್ತಿರುತ್ತದೆ. ನಾವು ‘ಇನ್ನೂ ಏನೂ ತಿಳಿಯದು’ ಎನ್ನುವ ಕಾಲವೇ ಅದು ಅತಿ ಹೆಚ್ಚು ಕಲಿಯುವ ಕಾಲ.

ಹಾಗಿದ್ದರೆ ರೇಡಿಯೋವನ್ನೋ ದೂರದರ್ಶನವನ್ನೋ ಮೊಬೈಲನ್ನೋ ಹಚ್ಚಿಟ್ಟರೆ ಸಾಲದೆ ಎಂದು ಕೇಳುವವರಿದ್ದಾರೆ. ಅಮೆರಿಕದ ಪೆಟ್ರೀಷಿಯಾ ಕೂಲ್ ಮತ್ತು ಅವರ ಸಂಗಡಿಗರು 2003ರಲ್ಲಿ ಇದಕ್ಕೆ ಉತ್ತರವಿತ್ತರು. ಒಂಬತ್ತು ತಿಂಗಳ ಅಮೆರಿಕನ್ ಕೂಸುಗಳೊಡನೆ ಚೀನೀ ಭಾಷಿಕರು ಹನ್ನೆರಡು ಬಾರಿ ಎದುರಿಗೆ ಕುಳಿತು, ಆಡಿಸಿ, ಪುಸ್ತಕ ತೋರಿಸಿ ಮಾತನಾಡಿದಾಗ ಆ ಕೂಸುಗಳು ಚೀನೀ ಧ್ವನಿಭೇದವನ್ನು ಕಲಿತವು. ಅದೇ ಮಾತನ್ನು ಪರದೆಯ ಮೇಲೆ ತೋರಿಸಿದಾಗ, ಬರಿಯ ಧ್ವನಿಯಾಗಿ ಕೇಳಿಸಿದಾಗ, ಕಲಿಯಲಿಲ್ಲ. ನುಡಿಯು ಸದ್ದಿನಿಂದ ಬರುವುದಲ್ಲ, ಸನ್ನಿಧಿಯಿಂದ ಬರುವುದು. ಕಣ್ಣು ಕಣ್ಣನ್ನು ಕೂಡಬೇಕು, ಕೂಸಿನ ತೊದಲಿಗೆ ಮರುದನಿ ಬರಬೇಕು. ಯಂತ್ರವು ಆಡುತ್ತದೆ, ಆಲಿಸುವುದಿಲ್ಲ.

‘ಅರ್ಥವಾಗದ ಕೂಸಿನೊಡನೆ ಆಡುವ ಮಾತು ವ್ಯರ್ಥವಲ್ಲವೆ?’ ಎಂಬ ಆಕ್ಷೇಪಕ್ಕೆ ನಮ್ಮ ಸಂಪ್ರದಾಯದಲ್ಲಿಯೇ ಉತ್ತರವಿದೆ. ಶಿಶು ಜನಿಸಿದ ಕೆಲವೇ ದಿನಗಳಲ್ಲಿ ಅದಕ್ಕೆ ಲಿಂಗಧಾರಣೆಯನ್ನು ಮಾಡಿಸುತ್ತೇವೆ. ಲಿಂಗವೆಂದರೇನೆಂದು ಅದಕ್ಕೆ ತಿಳಿಯಲಿ, ಆಮೇಲೆ ಕಟ್ಟೋಣವೆಂದು ಕಾಯುವುದಿಲ್ಲ. ತಿಳಿವು ಬಂದ ಮೇಲೆ ಗೌರವ ಎಂಬುದು ಲೋಕದ ಲೆಕ್ಕ. ಗೌರವವನ್ನು ಮೊದಲೇ ಕೊಟ್ಟು ತಿಳಿವನ್ನು ಬೆಳೆಯಿಸುವುದು ಶರಣಮಾರ್ಗ. ಎದೆಯ ಮೇಲೆ ಲಿಂಗವನ್ನು ಧರಿಸಲು ಅರ್ಹವಾದ ಜೀವವು ನಮ್ಮ ಮಾತಿಗೆ ಅರ್ಹವಲ್ಲವೆಂದು ಹೇಗೆ ಹೇಳೋಣ? ಮುಂದೆ ಪರೀಕ್ಷೆಯಲ್ಲಿ ಹೆಚ್ಚು ಅಂಕ ಬರಲೆಂದು ಕೂಸನ್ನು ಮಾತನಾಡಿಸುವುದು ವ್ಯಾಪಾರ. ಅದು ಈಗಲೇ ನಮ್ಮಂತೆ ಒಂದು ಜೀವವೆಂದು ಮಾತನಾಡಿಸುವುದು ಧರ್ಮ. ಫಲ ಎರಡರಿಂದಲೂ ಬರಬಹುದು. ಆದರೆ ಮೊದಲನೆಯದು ನಿಧಾನವಾಗಿ ಮಾತು ಕಲಿಯುವ, ಕಿವಿ ಮಂದವಾದ ಕೂಸನ್ನು ನಡುದಾರಿಯಲ್ಲಿ ಕೈಬಿಡುತ್ತದೆ.

ಎರಡನೆಯ ಆಕ್ಷೇಪ ಇನ್ನೂ ಗಡುಸಾದುದು. ಹತ್ತು ಕೂಸುಗಳನ್ನು ನೋಡಿಕೊಳ್ಳುವ ಒಬ್ಬ ಹೆಣ್ಣುಮಗಳು ಯಾವಾಗ, ಯಾರೊಡನೆ ಮಾತನಾಡಿಯಾಳು? ದಿನಕ್ಕೆ ಎಂಟು ಗಂಟೆಯೆಂದರೆ 480 ನಿಮಿಷ. ಒಂದು ಕೂಸಿನ ಪಾಲಿಗೆ 48. ಅದರಲ್ಲಿಯೇ ಉಣಿಸಬೇಕು, ತೊಳೆಯಬೇಕು, ಮಲಗಿಸಬೇಕು. ಮಾತಿಗೆಂದು ಬೇರೆ ವೇಳೆ ಉಳಿಯುವುದೇ ಇಲ್ಲ. ಆದುದರಿಂದ ಮಾತನ್ನು ಆ ಕೆಲಸದೊಳಗೆಯೇ ಇರಿಸಬೇಕಾಗುತ್ತದೆ. 1946ರಲ್ಲಿ ಬುಡಾಪೆಸ್ಟ್ ನಗರದಲ್ಲಿ ಶಿಶುಗೃಹವನ್ನು ಆರಂಭಿಸಿದ ವೈದ್ಯೆ ಎಮ್ಮಿ ಪಿಕ್ಲರ್ ಅವರ ಪದ್ಧತಿ ಇದೇ ಆಗಿತ್ತು: ಕೂಸನ್ನು ಎತ್ತುವ ಮುನ್ನ ‘ಎತ್ತಿಕೊಳ್ಳುತ್ತೇನೆ’ ಎಂದು ಹೇಳುವುದು, ತೋಳು ತೊಡಿಸುವಾಗ ‘ಕೈ ಕೊಡು’ ಎಂದು ಕೇಳಿ, ಕೂಸು ಕೈ ಚಾಚುವವರೆಗೆ ಕಾಯುವುದು. ತೊಳೆಯುವ ಕೈ ಮತ್ತು ನುಡಿಯುವ ಬಾಯಿ ಒಂದಾದಾಗ ಕೂಲಿಯು ಕಾಯಕವಾಗುತ್ತದೆ. ಆದರೆ ಕಾಯಕದ ಹೆಸರು ಹೇಳಿ ಆಕೆಯ ಮೇಲೆಯೇ ಎಲ್ಲ ಹೊರೆಯನ್ನು ಹೊರಿಸಿ ನಾವು ದೂರ ನಿಲ್ಲುವುದು ನ್ಯಾಯವಲ್ಲ. ಹತ್ತು ಕೂಸುಗಳಿಗೆ ಒಬ್ಬಳಾದರೆ ದಣಿವು ಮಾತನ್ನು ನುಂಗುತ್ತದೆ. ಸಾಕಷ್ಟು ಕೈಗಳು, ತಕ್ಕ ಸಂಬಳ, ತಕ್ಕ ತರಬೇತಿ - ಇವು ಸಮಾಜ ತೀರಿಸಬೇಕಾದ ಋಣ.

ಯಾವ ನುಡಿಯಲ್ಲಿ ಆಡಬೇಕು? ಕೂಸಿನ ಮನೆಯ ನುಡಿಯಲ್ಲಿ. ಬೆಂಗಳೂರಿನ ಕಟ್ಟಡಗಳಿಗೆ ರಾಯಚೂರು, ಕಲಬುರಗಿ, ಯಾದಗಿರಿಗಳ ಕಡೆಯಿಂದ ದುಡಿಯಬಂದ ತಾಯಂದಿರ ಕೂಸುಗಳು ತಮ್ಮ ಸೀಮೆಯ ಕನ್ನಡವನ್ನೇ ಕೇಳಿ ಬೆಳೆದವು. ತಾಂಡಾದ ಕೂಸಿಗೆ ಲಂಬಾಣಿ, ಮತ್ತೊಂದಕ್ಕೆ ಉರ್ದು ಅಥವಾ ತೆಲುಗು ತಾಯ್ನುಡಿ. ಆಯಾ ಆಗಿರುವವಳಿಗೆ ಅವೆಲ್ಲ ಬಾರದಿರಬಹುದು. ಆದರೆ ತಾಯಿಯಿಂದ ನಾಲ್ಕು ಮಾತು, ಒಂದು ಜೋಗುಳ ಕಲಿತುಕೊಳ್ಳಬಹುದು. ಮನೆಯ ಮಾತನ್ನು ಗೇಲಿ ಮಾಡದಿದ್ದರೂ ಅದೇ ದೊಡ್ಡ ಉಪಕಾರ. ಹನ್ನೆರಡನೆಯ ಶತಮಾನದಲ್ಲಿ ಶರಣರು ತಮ್ಮ ಅನುಭಾವವನ್ನು ದುಡಿಯುವ ಜನರ ಆಡುನುಡಿಯಲ್ಲಿಯೇ ನುಡಿದರು. ಆ ಪರಂಪರೆಯವರಾದ ನಾವು ಯಾವ ಕೂಸಿನ ನುಡಿಯನ್ನೂ ಕೀಳೆನ್ನಲಾಗದು.

ಇನ್ನು ಅಕ್ಷರದ ಮಾತು. ಎರಡು ವರ್ಷದ ಮಗುವಿನ ಕೈಗೆ ಬಳಪವಿತ್ತು ‘ಅ ಆ’ ತಿದ್ದಿಸಬೇಕೆಂದು, ಆಂಗ್ಲ ವರ್ಣಮಾಲೆಯನ್ನು ಬಾಯಿಪಾಠ ಮಾಡಿಸಬೇಕೆಂದು ಅವಸರಪಡುವ ತಂದೆತಾಯಿಗಳಿದ್ದಾರೆ. ಓದಿನ ಬೇರು ಬಳಪದಲ್ಲಿಲ್ಲ. ಪ್ರಾಸವುಳ್ಳ ಹಾಡಿಗೆ ಚಪ್ಪಾಳೆ ತಟ್ಟುವುದರಲ್ಲಿ, ಚಿತ್ರದ ಹಸುವನ್ನು ಬೆರಳಿಟ್ಟು ತೋರುವುದರಲ್ಲಿ, ಅದೇ ಕಥೆಯನ್ನು ಹತ್ತನೆಯ ಬಾರಿ ಕೇಳುವುದರಲ್ಲಿ, ಪುಸ್ತಕದ ಹಾಳೆಯನ್ನು ತಾನೇ ಮಗುಚುವುದರಲ್ಲಿ ಆ ಬೇರು ಇಳಿಯುತ್ತದೆ. ಕಿವಿ ತುಂಬಿದ ಮೇಲೆ ಕಣ್ಣಿಗೆ ಅಕ್ಷರ ಕಾಣುವುದು ಕಷ್ಟವಲ್ಲ.

ಭಕ್ತರೂ ಹಿರಿಯ ವಿದ್ಯಾರ್ಥಿಗಳೂ ಯೋಚಿಸಬೇಕಾದುದು ಇಷ್ಟೆ. ತಮ್ಮ ಊರಿನ ಅಂಗನವಾಡಿಗೆ, ಕೂಸಿನ ಮನೆಗೆ ತೊಟ್ಟಿಲನ್ನೋ ಪಾತ್ರೆಯನ್ನೋ ಕಾಣಿಕೆಯಾಗಿ ಕೊಡುವವರು ಹಲವರು, ಅದು ಮೆಚ್ಚತಕ್ಕದ್ದು. ಅದರೊಡನೆ ವಾರಕ್ಕೊಂದು ಗಂಟೆ ಅಲ್ಲಿ ನೆಲದ ಮೇಲೆ ಕುಳಿತು ಹಾಡಬಲ್ಲ ಅಜ್ಜಿಯರು, ಕಥೆ ಹೇಳಬಲ್ಲ ನಿವೃತ್ತ ಶಿಕ್ಷಕರು ಪ್ರತಿ ಊರಿನಲ್ಲಿಯೂ ಇದ್ದಾರೆ. ಉದ್ಯಮಗಳನ್ನು ನಡೆಸುವವರು ತಮ್ಮಲ್ಲಿಯ ಶಿಶುವಿಹಾರಕ್ಕೆ ಮತ್ತೊಬ್ಬ ಸಹಾಯಕಿಯನ್ನು ನೇಮಿಸಬಹುದು. ಅನ್ನದಾನಕ್ಕೆ ಧಾನ್ಯ ಬೇಕು, ಅಕ್ಷರದಾನಕ್ಕೆ ಶಾಲೆ ಬೇಕು; ನುಡಿಯ ದಾಸೋಹಕ್ಕೆ ಬೇಕಾದುದು ಬಾಗಿ ಕುಳಿತುಕೊಳ್ಳಬಲ್ಲ ಮನಸ್ಸು. ಉತ್ತರ ಕೊಡಲಾರದ ಕೂಸಿನೆದುರು ಹಾಗೆ ಬಾಗಿದವನು ಜಂಗಮಕ್ಕೇ ಬಾಗಿದವನೆಂದು ತಿಳಿಯೋಣ.